‘ಸಾಕು’ ಅಂದರೆ ‘ಹಾಕು’ ಅಂತ ಕೇಳಿಸುತ್ತಿದೆಯಾ?

ಈ ಸಲದ ಅಂಕಣ ಪೂರ್ತಿ ಕಿವಿ ಮಷೀನಿಗೇ ಮೀಸಲು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ‘ಯಾವುದು ತಗೊಳ್ಳಲಿ, ಎಷ್ಟು ಕೊಡಲಿ’ ಅನ್ನುವುದೇ ಆಗಿತ್ತು. ತುಂಬಾ ಜನ ‘ಡಾಕ್ಟ್ರೇ’ ಅಂತ ಶುರು ಮಾಡಿದ್ದೀರಿ. ನಾನು ಡಾಕ್ಟರ್ ಅಲ್ಲ, ಆಡಿಯಾಲಜಿಸ್ಟ್. ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವುದು, ಮಷೀನು ಕೂರಿಸಿ ಹೊಂದಿಸಿ ಕೊಡುವುದು ನನ್ನ ಕೆಲಸ. ಔಷಧಿ, ಆಪರೇಷನ್ ಎಲ್ಲ ಇಎನ್‌ಟಿ ಡಾಕ್ಟರದು.

ನಮ್ಮ ಅತ್ತೆಗೆ 72 ವರ್ಷ. ಊಟಕ್ಕೆ ಕೂತಾಗ ನಾವು ‘ಸಾಕು’ ಅಂದರೆ ಅವರಿಗೆ ‘ಹಾಕು’ ಅಂತ ಕೇಳಿಸಿ ಇನ್ನೊಂದು ಸೌಟು ಸಾರು ಸುರಿಯುತ್ತಾರೆ. ಮೊದಮೊದಲು ಎಲ್ಲರೂ ನಗುತ್ತಿದ್ದೆವು, ಈಗ ಅವರು ಬಡಿಸುವುದನ್ನೇ ಬಿಟ್ಟಿದ್ದಾರೆ. ಒಂದು ಕಡೆ ಎರಡೂ ಕಿವಿಗೆ ಸೇರಿ 1 ಲಕ್ಷ 80 ಸಾವಿರ ಅಂದರು. ಇನ್ನೊಂದು ಕಡೆ ಒಂದಕ್ಕೆ 22 ಸಾವಿರ. ನನ್ನ ಮಗ ಮೊಬೈಲಿನಲ್ಲಿ 1,499 ರೂಪಾಯಿಯದು ತೋರಿಸುತ್ತಾನೆ. ನಮ್ಮ ಕೈಲಾಗುವುದು 50 ಸಾವಿರ. ಏನು ಮಾಡಲಿ ಮೇಡಂ? — ಒಬ್ಬ ಸೊಸೆ, ತಿಪಟೂರು

‘ಸಾಕು’, ‘ಹಾಕು’ ಅಂತ ಬರೆದು ಅರ್ಧ ಪರೀಕ್ಷೆಯನ್ನು ನೀವೇ ಮಾಡಿ ಮುಗಿಸಿದ್ದೀರಿ. ವಯಸ್ಸಾದಂತೆ ಕಿವಿಯಿಂದ ಮೊದಲು ಜಾರಿ ಹೋಗುವುದು ತೆಳು, ಚೂಪು ಸದ್ದುಗಳು. ಸ, ಶ, ಚ ಇಂಥವು. ಆ, ಊ, ಓ ಅನ್ನುವ ದಪ್ಪ ಸದ್ದು ಎಷ್ಟೋ ವರ್ಷ ಚೆನ್ನಾಗಿಯೇ ಕೇಳುತ್ತಿರುತ್ತದೆ. ಹಾಗಾಗಿ ನಿಮ್ಮ ಅತ್ತೆಯವರಿಗೆ ‘ಆಕು’ ಅನ್ನುವಷ್ಟು ಕಿವಿಗೆ ಬೀಳುತ್ತದೆ, ಶುರುವಿನ ‘ಸ’ ಬೀಳುವುದಿಲ್ಲ, ಬಿಟ್ಟ ಜಾಗವನ್ನು ತಲೆ ಊಹೆ ಮಾಡಿ ತುಂಬಿಕೊಳ್ಳುತ್ತದೆ. ಸೌಟು ಕೈಯಲ್ಲಿ ಹಿಡಿದವರ ತಲೆ ‘ಹಾಕು’ ಅಂತಲೇ ತುಂಬುತ್ತದೆ ಬಿಡಿ. ಇಂಥವರೇ ‘ನಂಗೆ ಕೇಳುತ್ತೆ, ಏನಂದ್ರಿ ಅಂತ ತಿಳಿಯಲ್ಲ’ ಅನ್ನುವುದು. ಮನೆಯವರು ಅದನ್ನು ಹಟ ಅಂದುಕೊಳ್ಳುತ್ತಾರೆ. ಹಟ ಅಲ್ಲ.

ಈಗ ಆ 1,499ರದ್ದು ನೋಡೋಣ. ಅದು ಸದ್ದು ದೊಡ್ಡದು ಮಾಡುವ ಡಬ್ಬಿ, ಅಷ್ಟೇ. ಬೇಕಾದದ್ದು, ಬೇಡದ್ದು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಸಮ ಏರಿಸುತ್ತದೆ. ಸಾರಿಗೆ ಉಪ್ಪು ಕಡಿಮೆ ಅಂತ ಹುಳಿ, ಖಾರ, ನೀರು ಎಲ್ಲವನ್ನೂ ಇನ್ನಷ್ಟು ಸುರಿದ ಹಾಗೆ. ಮಿಕ್ಸಿ ಸದ್ದು ತಲೆಗೆ ಹೊಡೆಯುತ್ತದೆ, ‘ಸ’ ಆಗಲೂ ಸಿಗುವುದಿಲ್ಲ. ಸರಿಯಾದ ಡಿಜಿಟಲ್ ಮಷೀನನ್ನು ಕಂಪ್ಯೂಟರಿಗೆ ಜೋಡಿಸಿ, ಯಾವ ಸದ್ದು ಎಷ್ಟು ಕಡಿಮೆಯಿದೆಯೋ ಅಲ್ಲಿ ಅಷ್ಟೇ ಏರಿಸುತ್ತೇವೆ. ಮಗನಿಗೆ ಬೈಯಬೇಡಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹುಡುಕಿದ್ದಾನೆ.

ಮಷೀನಿಗಿಂತ ಮುಂಚೆ ಇಎನ್‌ಟಿ ಡಾಕ್ಟರಿಗೆ ಒಮ್ಮೆ ಕಿವಿ ತೋರಿಸಿ. ಬರೀ ಗುಗ್ಗೆ ಗಟ್ಟಿಯಾಗಿ ಕೂತಿರುವುದೂ ಉಂಟು, ತೆಗೆದರೆ ಅಲ್ಲಿಗೆ ಮುಗಿಯಿತು. (ಕಿವಿಗೆ ಬಿಸಿ ಎಣ್ಣೆ ಬಿಡುವುದು, ಹೇರ್‌ಪಿನ್ ಹಾಕಿ ಕೆರೆಯುವುದು ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ನಿಲ್ಲಿಸಿ.) ಆಮೇಲೆ ಆಡಿಯೋಗ್ರಾಮ್ ಮಾಡಿಸಿ. ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸದ್ದು ಕೇಳಿಸಿದರೆ ಬೆರಳೆತ್ತಿ ಅನ್ನುತ್ತಾರಲ್ಲ, ಅದು. ಒಂದು ಚೀಟಿಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಗುರುತು ಹಾಕಿ ಗೆರೆ ಎಳೆದು ಕೊಡುತ್ತಾರೆ. ಚೀಟಿಯ ಎಡಕ್ಕೆ ದಪ್ಪ ಸದ್ದು, ಬಲಕ್ಕೆ ತೆಳು ಸದ್ದು, ಗೆರೆ ಕೆಳಗಿಳಿದಷ್ಟೂ ಕಿವಿ ಮಂದ. ನಿಮ್ಮ ಅತ್ತೆಯವರ ಗೆರೆ ಎಡದಲ್ಲಿ ಮೇಲಿದ್ದು ಬಲಕ್ಕೆ ಹೋಗುತ್ತಾ ಕೆಳಗೆ ಇಳಿದಿರುತ್ತದೆ ಅಂತ ನನ್ನ ಅಂದಾಜು. ಆ ಚೀಟಿಯ ಪ್ರತಿ ಕೇಳಿ ಪಡೆಯಿರಿ. ಅದು ನಿಮ್ಮದು. ‘ಉಚಿತ ಪರೀಕ್ಷೆ’ ಅಂತ ಬೋರ್ಡು ಹಾಕಿದ ಕೆಲವು ಕಡೆ ಚೀಟಿ ಕೈಗೆ ಕೊಡುವುದಿಲ್ಲ. ಕೊಟ್ಟರೆ ನೀವು ಪಕ್ಕದ ಅಂಗಡಿಗೆ ಹೋಗಿಬಿಡುತ್ತೀರಿ ಅಲ್ವಾ, ಅದಕ್ಕೆ.

ಸರಿ, ದುಡ್ಡಿನ ವಿಷಯ. ಹೆಸರಿರುವ ಕಂಪನಿಗಳ ಸಾದಾ ಡಿಜಿಟಲ್ ಮಷೀನು ಒಂದು ಕಿವಿಗೆ ಸುಮಾರು 10ರಿಂದ 25 ಸಾವಿರದೊಳಗೆ ಸಿಗುತ್ತದೆ. ಅದರ ಮೇಲೆ 30, 60 ಸಾವಿರ, ಲಕ್ಷ, ಇನ್ನೂ ಮೇಲೆ. ಒಳಗಿನ ಮುಖ್ಯ ಕೆಲಸ ಎಲ್ಲದರದ್ದೂ ಒಂದೇ. ಬೆಲೆ ಏರಿದಂತೆ ಸಿಗುವುದು ಗದ್ದಲದಲ್ಲಿ ಎದುರಿನವರ ಮಾತನ್ನು ಹೆಕ್ಕುವ ಚಾಕಚಕ್ಯತೆ, ಜಾಗ ಬದಲಾದಾಗ ತಾನೇ ಹೊಂದಿಕೊಳ್ಳುವುದು, ಫೋನು ನೇರವಾಗಿ ಕಿವಿಯಲ್ಲೇ ಕೇಳಿಸುವ ಬ್ಲೂಟೂತ್. ‘16 ಚಾನೆಲ್, 48 ಚಾನೆಲ್’ ಅಂತ ಹೆದರಿಸುತ್ತಾರೆ, ಅಂದರೆ ಸದ್ದನ್ನು ಎಷ್ಟು ಭಾಗ ಮಾಡಿ ಬೇರೆಬೇರೆಯಾಗಿ ಹೊಂದಿಸುತ್ತದೆ ಅನ್ನುವ ಲೆಕ್ಕ. ದಿನಾ ಮೀಟಿಂಗು, ಹೋಟೆಲು, ಬಸ್ಸು ಅಂತ ಓಡಾಡುವವರಿಗೆ ಮೇಲಿನ ದರ್ಜೆಯದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಛತ್ರದಲ್ಲಿ ವಾಲಗ ಜೋರಾಗಿ ಊದುತ್ತಿರುವಾಗ ಪಕ್ಕದವರ ಪಿಸುಮಾತು ಕೇಳಿಸಿ ಕೊಡುವ ಮಷೀನು ಇನ್ನೂ ಯಾರೂ ಮಾಡಿಲ್ಲ, ಎರಡು ಲಕ್ಷದ್ದೂ ಕೊಡುವುದಿಲ್ಲ.

ಅತ್ತೆಯವರನ್ನೇ ಕೇಳಿ: ಯಾವ ಮೂರು ಜಾಗದಲ್ಲಿ ಕೇಳಿಸದೆ ನಿಮಗೆ ಬೇಜಾರಾಗುತ್ತದೆ? ನನ್ನ ಹತ್ತಿರ ಬಂದವರಿಗೆ ಮೊದಲು ಇದನ್ನೇ ಚೀಟಿಯಲ್ಲಿ ಬರೆಸುತ್ತೇನೆ. ಮನೆಯ ಊಟ, ಟಿವಿ ಧಾರಾವಾಹಿ, ಮೊಮ್ಮಗಳ ಫೋನು ಅಂತ ಬರೆದರೆ ಲಕ್ಷದ ಮಷೀನು ಬೇಕಿಲ್ಲ. ಎರಡೂ ಕಿವಿ ಮಂದ ಆಗಿದ್ದರೆ ಒಂದು ಕಿವಿಗೆ 50 ಸಾವಿರದ್ದು ಹಾಕುವ ಬದಲು ಎರಡಕ್ಕೂ 22 ಸಾವಿರದ್ದೇ ಹಾಕಿಸಿ ಅಂತ ನಾನು ಹೇಳುತ್ತೇನೆ. ಮಾತು ಯಾವ ಕಡೆಯಿಂದ ಬಂತು ಅಂತ ತಿಳಿಯುವುದಕ್ಕೆ, ನಾಲ್ಕು ಜನ ಕೂತಲ್ಲಿ ಒಬ್ಬರ ಮಾತು ಹಿಡಿಯುವುದಕ್ಕೆ ಎರಡು ಕಿವಿ ಬೇಕು. 44 ಸಾವಿರ ಆಯಿತು, ಉಳಿದದ್ದು ಅಚ್ಚಿಗೆ (ಕಿವಿಯ ಅಳತೆಗೆ ಮಾಡಿಸುವ, ಕಿವಿಯೊಳಗೆ ಕೂರುವ ತುಂಡು), ಸೆಲ್ಲಿಗೆ. ಬೆಲೆಯಲ್ಲಿ ಚೌಕಾಸಿ ಮಾಡಿ, ನಾಚಿಕೆ ಬೇಡ. ಡಬ್ಬಿಯ ಮೇಲೆ ಅಚ್ಚಾದ ಬೆಲೆಗಿಂತ ಕಡಿಮೆಗೆ ಕೊಡುವುದು ಈ ವ್ಯಾಪಾರದಲ್ಲಿ ಮಾಮೂಲು. ಕಿವಿ ಮಷೀನಿಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಕೇಳಿ.

ಆದರೆ ಚೌಕಾಸಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ನೀವು ಕೊಡುವ ದುಡ್ಡಿನಲ್ಲಿ ಅರ್ಧ ಮಷೀನಿಗೆ, ಅರ್ಧ ಅದನ್ನು ಹೊಂದಿಸುವ ಮನುಷ್ಯನಿಗೆ ಅಂತ ಲೆಕ್ಕ ಇಟ್ಟುಕೊಳ್ಳಿ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿದ ಆಡಿಯಾಲಜಿಸ್ಟೇ, ಅಥವಾ ಬರೀ ಮಾರುವವರೇ? ಕೊಳ್ಳುವ ಮೊದಲು ನಾಲ್ಕು ದಿನ ಮನೆಗೆ ಟ್ರಯಲ್ ಕೊಡುತ್ತಾರಾ? ಆಮೇಲೆ ಎಷ್ಟು ಸಲ ಬಂದು ಸರಿ ಮಾಡಿಸಿಕೊಳ್ಳಬಹುದು, ಅದಕ್ಕೆ ಬೇರೆ ದುಡ್ಡಾ? ಬೇರೆ ಊರಿನ ಆಡಿಯಾಲಜಿಸ್ಟ್ ಕೂಡ ಈ ಮಷೀನನ್ನು ಹೊಂದಿಸಬಹುದಾ, ಅಥವಾ ಇವರ ಅಂಗಡಿಗೇ ಲಾಕ್ ಆಗಿದೆಯಾ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಅಂಗಡಿ ಮುಚ್ಚಿದ ದಿನ ನೆನಪಾಗುತ್ತದೆ. ಲಾಕ್ ಇಲ್ಲ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಎಲ್ಲಿ ಕೊಂಡರೂ ಮುಂದಿನ ನಾಲ್ಕೈದು ವರ್ಷ ಅಲ್ಲಿಗೆ ಓಡಾಡಬೇಕು, ಹಾಗಾಗಿ ಬೆಂಗಳೂರಿನ ಥಳುಕಿನ ಅಂಗಡಿಗಿಂತ ತುಮಕೂರಿನ ಒಳ್ಳೆಯ ಆಡಿಯಾಲಜಿಸ್ಟ್ ನಿಮಗೆ ವಾಸಿ.

ಆಕಾರದ ವಿಷಯಕ್ಕೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಕಾಣಿಸಬಾರದು ಅಂದರು, ನಾನೂ ಹುರುಪಿನಲ್ಲಿ ಕಿವಿಯ ಒಳಗೇ ಕೂರುವ ಚಿಕ್ಕದನ್ನು ಮಾಡಿಸಿ ಕೊಟ್ಟೆ. ಚೆನ್ನಾಗಿ ಕೇಳಿಸಿತು, ಖುಷಿಯಾಗಿ ಹೋದರು. ಮೂರು ತಿಂಗಳ ಮೇಲೆ ಬಂದು ಜೇಬಿನಿಂದ ನಶ್ಯದ ಡಬ್ಬಿ ತೆಗೆದರು. ಅದರೊಳಗೆ ಮಷೀನು, ಸುತ್ತ ಏಳೆಂಟು ಹೊಸ ಸೆಲ್ಲು. ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಮರಗಟ್ಟಿತ್ತು, ಆ ತೊಗರಿಬೇಳೆಯಷ್ಟು ಸೆಲ್ಲನ್ನು ಹಿಡಿದು ಕೂರಿಸಲು ಅವರಿಂದ ಆಗುತ್ತಿರಲಿಲ್ಲ. ಸೊಸೆಯನ್ನು ದಿನಾ ಕೇಳಲು ಸಂಕೋಚ. ಕಿವಿ ಅಳೆದ ನಾನು ಕೈ ನೋಡಿರಲಿಲ್ಲ. ಹಾಗಾಗಿ ನಿಮ್ಮ ಅತ್ತೆಯವರಿಗೆ ಕಿವಿಯ ಹಿಂದೆ ಕೂರುವುದನ್ನೇ ನೋಡಿ. ಅಂಗಡಿಯಲ್ಲೇ ಅವರ ಕೈಯಲ್ಲೇ ಮೂರು ಸಲ ಹಾಕಿಸಿ, ತೆಗೆಸಿ, ಸೆಲ್ಲು ಬದಲಾಯಿಸಿ ನೋಡಿ. ನಿಮ್ಮ ಕೈಯಲ್ಲಲ್ಲ.

ನನಗೆ 41. ನಾಲ್ಕು ದಿನದ ಹಿಂದೆ ಬೆಳಗ್ಗೆ ಎದ್ದಾಗಿನಿಂದ ಎಡಗಿವಿ ಪೂರ್ತಿ ಬಂದ್ ಆದ ಹಾಗಿದೆ, ಗುಂಯ್ ಅನ್ನುತ್ತದೆ. ನೆಗಡಿ ಇರಬಹುದು ಅಂತ ಸುಮ್ನೆ ಇದ್ದೇನೆ. ಒಂದೇ ಕಿವಿಗೆ ಯಾವ ಮಷೀನು ಒಳ್ಳೆಯದು? — ಬೆಂಗಳೂರು

ಇವರಿಗೆ ಪತ್ರ ಬಂದ ದಿನವೇ ಉತ್ತರ ಕಳಿಸಿದ್ದೇನೆ. ಇಲ್ಲಿ ಹಾಕುತ್ತಿರುವುದು ಉಳಿದವರಿಗಾಗಿ. ಇದ್ದಕ್ಕಿದ್ದ ಹಾಗೆ, ಒಂದೆರಡು ದಿನದಲ್ಲಿ ಕಿವಿ ಹೋದರೆ ಅದು ಮಷೀನಿನ ಕೇಸಲ್ಲ, ಇವತ್ತೇ ಇಎನ್‌ಟಿ ಡಾಕ್ಟರನ್ನು ನೋಡಬೇಕಾದ ಕೇಸು. ಒಳಗಿವಿಯ ನರದ ತೊಂದರೆಯಾಗಿದ್ದರೆ ಸ್ಟೆರಾಯ್ಡ್ ಕೊಡುತ್ತಾರೆ. ಅದು ಬೇಗ ಶುರುವಾದಷ್ಟೂ ಕಿವಿ ವಾಪಸ್ ಬರುವ ಅವಕಾಶ ಜಾಸ್ತಿ. ಎರಡು ವಾರ ಕಳೆದ ಮೇಲೆ ಬಂದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ನಿಧಾನವಾಗಿಯೇ ಆದರೂ ಒಂದೇ ಕಿವಿ ಮಂದವಾಗುತ್ತಿದ್ದರೆ, ತಲೆ ಸುತ್ತು ಇದ್ದರೆ, ಕಿವಿ ಸೋರುತ್ತಿದ್ದರೆ ಆಗಲೂ ಮೊದಲು ಡಾಕ್ಟರು, ಆಮೇಲೆ ನಾವು.

ಬಸ್ ಡ್ರೈವರ್ ಆಗಿದ್ದೆ, ಈಗ 68. ಎರಡು ವರ್ಷದ ಹಿಂದೆ 35 ಸಾವಿರ ಕೊಟ್ಟು ಬಲಗಿವಿಗೆ ಮಷೀನು ತಗೊಂಡೆ. ಹಾಕಿಕೊಂಡರೆ ಬರೀ ಗಲಾಟೆ, ಚಪ್ಪಲಿ ಸದ್ದು, ನಲ್ಲಿ ಸದ್ದು. ನನ್ನ ಮಾತು ನನಗೇ ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ. ಒಮ್ಮೊಮ್ಮೆ ಕುಯ್ಯೋ ಅನ್ನುತ್ತದೆ. ಬೀರುವಿನಲ್ಲಿ ಇಟ್ಟಿದ್ದೇನೆ. ಮೋಸ ಹೋದೆನಾ? — ಹಾಸನ

ಇರಲಿಕ್ಕಿಲ್ಲ. ಕೊಂಡ ಮೇಲೆ ಎಷ್ಟು ಸಲ ಸರಿ ಮಾಡಿಸಲು ಹೋಗಿದ್ದಿರಿ? ಪತ್ರದಲ್ಲಿ ಬರೆದಿಲ್ಲ, ಹಾಗಾಗಿ ಒಮ್ಮೆಯೂ ಇಲ್ಲ ಅಂತ ಅಂದುಕೊಳ್ಳುತ್ತೇನೆ! ವರ್ಷಗಟ್ಟಲೆ ನಲ್ಲಿ ಸದ್ದು ಕೇಳದೆ ನಿಮ್ಮ ತಲೆ ಅದನ್ನು ಮರೆತಿದೆ. ಈಗ ಒಮ್ಮೆಲೇ ಕೇಳಿಸಿದರೆ ಜಲಪಾತ ಬಿದ್ದ ಹಾಗೆ ಅನಿಸುತ್ತದೆ. ಅದಕ್ಕೇ ನಾವು ಮೊದಲ ದಿನ ಬೇಕಾದದ್ದಕ್ಕಿಂತ ಕಡಿಮೆ ಇಟ್ಟು, ಕೆಲವು ವಾರದಲ್ಲಿ ಮೆಲ್ಲಗೆ ಏರಿಸುತ್ತೇವೆ. ನಿಮ್ಮದನ್ನು ಮೊದಲ ದಿನವೇ ಪೂರ್ತಿ ಏರಿಸಿ ಕಳಿಸಿರಬೇಕು.

ಬಿಂದಿಗೆಯ ಸದ್ದಿಗೆ ಕಾರಣ ಕಿವಿ ಪೂರ್ತಿ ಮುಚ್ಚಿರುವುದು. ಅಚ್ಚಿನಲ್ಲಿ ಗಾಳಿ ಆಡಲು ಇರುವ ಸಣ್ಣ ತೂತನ್ನು ದೊಡ್ಡದು ಮಾಡಿದರೆ, ಅಥವಾ ತೂತಿರುವ ಮೆತ್ತನೆ ತುದಿ ಹಾಕಿದರೆ ಎಷ್ಟೋ ಕಡಿಮೆಯಾಗುತ್ತದೆ. ಕುಯ್ಯೋ ಅನ್ನುವುದು ಅದರ ಉಲ್ಟಾ: ಸದ್ದು ಹೊರಗೆ ಸೋರಿ ಮತ್ತೆ ಮೈಕಿಗೆ ಬೀಳುತ್ತಿದೆ. ಅಚ್ಚು ಸಡಿಲ ಇರಬಹುದು, ಕಿವಿಯಲ್ಲಿ ಗುಗ್ಗೆ ಇರಬಹುದು, ಸರಿಯಾಗಿ ಕೂರಿಸಿಲ್ಲದೆಯೂ ಇರಬಹುದು. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಅದಕ್ಕೇ ಎದುರಿಗೆ ಕೂತು ನೋಡಿ ಮಾಡಬೇಕಾದ ಕೆಲಸ ಅದು.

ಹೊಸದು ಕೊಳ್ಳಬೇಡಿ. ಹಾಸನದಿಂದ ಮೈಸೂರು ದೂರವಲ್ಲ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿಗೆ ಮಷೀನು, ಬಿಲ್ಲು, ಹಳೆಯ ಚೀಟಿ ಎಲ್ಲ ಹಿಡಿದು ಹೋಗಿ. ಜನ ಜಾಸ್ತಿ, ಬೆಳಗ್ಗೆಯೇ ಹೋಗಿ, ಅರ್ಧ ದಿನ ಅಂತ ಇಟ್ಟುಕೊಳ್ಳಿ. ಹೊಸದಾಗಿ ಕೊಳ್ಳುವವರಿಗೂ ಅಲ್ಲಿ ಹೊರಗಿನ ಬೆಲೆಗಿಂತ ಕಡಿಮೆಗೆ ಕೊಡುವ ವ್ಯವಸ್ಥೆ ಇದೆ. ಹೊಂದಿಸುವಾಗ ‘ಕಿವಿಯೊಳಗೆ ಸಣ್ಣ ನಳಿಗೆ ಇಟ್ಟು ಅಳೆದು ನೋಡಿ’ ಅಂತ ಕೇಳಿ. ಮಷೀನು ಹಾಕಿದಾಗ ನಿಜವಾಗಿ ಎಷ್ಟು ಸದ್ದು ಕಿವಿತಮಟೆಯ ಹತ್ತಿರ ಮುಟ್ಟುತ್ತಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ವಾಪಸ್ ಬಂದ ಮೇಲೆ ಮೊದಲ ವಾರ ಮನೆಯೊಳಗೆ ಮಾತ್ರ, ದಿನಕ್ಕೆ ಎರಡು ಮೂರು ಗಂಟೆ. ಸಂತೆಗೆ ಹಾಕಿಕೊಂಡು ಹೋಗುವುದು ಆಮೇಲೆ.

ಶಾಲೆಯಲ್ಲಿ ಟೀಚರ್, 34 ವರ್ಷ. ಎರಡೂ ಕಿವಿ ಸ್ವಲ್ಪ ಮಂದ. ಯಾರಿಗೂ ಕಾಣದ ಮಷೀನು ಬೇಕು. ನಮ್ಮ ಕಡೆಯ ಬೆವರು, ಮಳೆ ನಿಮಗೆ ಗೊತ್ತೇ ಇದೆ. ಸೆಲ್ಲಿನದಾ, ಚಾರ್ಜ್ ಮಾಡುವುದಾ? — ಕುಂದಾಪುರ

ಕಾಣಬಾರದು ಅನ್ನುವ ಆಸೆಗೆ ನಾನು ಉಪದೇಶ ಮಾಡುವುದಿಲ್ಲ. ಆದರೆ ಒಂದು ತಿಳಿದಿರಲಿ. ಕಿವಿಯೊಳಗೆ ಕೂರುವುದನ್ನು ನಿಮ್ಮ ಕಿವಿಯ ಅಚ್ಚು ತೆಗೆದು ಮಾಡುತ್ತಾರೆ, ಹಾಗಾಗಿ ಅದಕ್ಕೆ ಸಾಮಾನ್ಯವಾಗಿ ಟ್ರಯಲ್ ಇಲ್ಲ. ಸ್ವಲ್ಪವೇ ಮಂದ ಇರುವವರಿಗೆ ಹಾಸನದವರು ಹೇಳಿದ ಬಿಂದಿಗೆ ಕಾಟವೂ ಜಾಸ್ತಿ. ಕಿವಿಯ ಹಿಂದೆ ಹುಣಸೆ ಬೀಜಕ್ಕಿಂತ ತುಸು ದೊಡ್ಡದು ಕೂತು, ಕೂದಲೆಳೆಯಂಥ ತಂತಿ ಒಳಗೆ ಇಳಿಯುವ ‘ರಿಕ್’ ಅನ್ನುವುದು ನಿಮಗೆ ಸರಿ. ಕೂದಲಿನ ಬಣ್ಣದ್ದು ತಗೊಳ್ಳಿ. ಜಡೆ ಹಾಕಿದರೆ ಪಕ್ಕದಲ್ಲಿ ಕೂತವರಿಗೂ ಕಾಣುವುದಿಲ್ಲ. ಟ್ರಯಲನ್ನು ಮನೆಯಲ್ಲಲ್ಲ, 45 ಮಕ್ಕಳಿರುವ ಕ್ಲಾಸಿನಲ್ಲಿ, ಹೆಂಚಿನ ಮೇಲೆ ಮಳೆ ಹೊಡೆಯುವಾಗ ಮಾಡಿ. ಇಲ್ಲಿ ಮಾತ್ರ ದುಡ್ಡು ಸ್ವಲ್ಪ ಜಾಸ್ತಿ ಹಾಕಿದರೂ ನಷ್ಟವಿಲ್ಲ ಅಂತ ಹೇಳುತ್ತೇನೆ, ಕೆಲಸದ ಪ್ರಶ್ನೆ.

ಬೆವರಿಗೆ ಐಪಿ68 (ಧೂಳು, ನೀರು ತಡೆಯುವ ದರ್ಜೆ) ಅಂತ ಬರೆದಿರುವುದನ್ನು ನೋಡಿ. ಹಾಗಂತ ಸ್ನಾನಕ್ಕೆ ಹಾಕಿಕೊಂಡು ಹೋಗಬೇಡಿ. ರಾತ್ರಿ ಒರೆಸಿ, ತೇವ ಹೀರುವ ಸಿಲಿಕಾ ಜೆಲ್ ಹರಳು ಇರುವ ಡಬ್ಬಿಯಲ್ಲಿ ಇಡಿ. ಹರಳಿನ ಬಣ್ಣ ಬದಲಾದರೆ ಹರಳು ಬದಲಾಯಿಸಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವವರಿದ್ದಾರೆ, ಧೂಳು ಹೋಗಿ ಮೈಕು ಕಟ್ಟಿಕೊಳ್ಳುತ್ತದೆ.

ಚಾರ್ಜಿನದು ಅನುಕೂಲ, ರಾತ್ರಿ ಇಟ್ಟರೆ ಮರುದಿನ ಪೂರ್ತಿ ಬರುತ್ತದೆ. ಆದರೆ ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋಗುವ ಊರಾದರೆ ಚಾರ್ಜರ್ ಡಬ್ಬಿಯೊಳಗೇ ಬ್ಯಾಟರಿ ಇರುವುದನ್ನು ಕೇಳಿ. ಸೆಲ್ಲಿನದಾದರೆ 13ನೇ ನಂಬರಿನದು ಹತ್ತು ದಿನ ಬರುತ್ತದೆ ಅಂದುಕೊಳ್ಳಿ. ಎರಡು ಕಿವಿಗೆ ವರ್ಷಕ್ಕೆ 72, ಅಂದರೆ ಆರರ ಕಾರ್ಡು 12. ಕಾರ್ಡಿಗೆ 200 ಅಂದರೂ ವರ್ಷಕ್ಕೆ 2,400 ರೂಪಾಯಿ. ಸೆಲ್ಲಿನ ಬೆನ್ನಿನ ಸ್ಟಿಕರ್ ಕಿತ್ತ ಮೇಲೆ ಎರಡು ಮೂರು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿ, ಅದು ಗಾಳಿ ಕುಡಿದು ಕೆಲಸ ಮಾಡುವ ಸೆಲ್ಲು. ಒಮ್ಮೆ ಕಿತ್ತರೆ ಮತ್ತೆ ಅಂಟಿಸಿದರೂ ಉಳಿಯುವುದಿಲ್ಲ.

ಅಪ್ಪನಿಗೆ 66, ಕೂಲಿ ಕೆಲಸ. ಹತ್ತಿರ ಬಂದು ಕೂಗಿದರೆ ಮಾತ್ರ ಕೇಳುತ್ತದೆ. ಹತ್ತು ಸಾವಿರ ಕೂಡ ನಮ್ಮಿಂದ ಆಗುವುದಿಲ್ಲ. ಸರ್ಕಾರದಿಂದ ಸಿಗುತ್ತದಾ? — ಸಿಂಧನೂರು ತಾಲೂಕು

ಸಿಗುತ್ತದೆ. ಮೊದಲು ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅವರನ್ನು ಹಿಡಿಯಿರಿ. ಯಾವ ಕಾಗದ, ಯಾವ ದಿನ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಎರಡೂ ಕಿವಿಯಲ್ಲಿ 60 ಡೆಸಿಬೆಲ್‌ನಿಂದ ಮೇಲೆ ನಷ್ಟ ಇದ್ದರೆ ಶ್ರವಣದೋಷ ಅಂತ ಲೆಕ್ಕ. ನೀವು ಬರೆದದ್ದು ನೋಡಿದರೆ ಅಪ್ಪನವರು ಅದರೊಳಗೆ ಬರಬಹುದು. ಅಂಗವೈಕಲ್ಯ 40 ಶೇಕಡಾ ಅಂತ ಸರ್ಟಿಫಿಕೇಟ್ ಸಿಕ್ಕರೆ, ಆದಾಯ ಮಿತಿಯೊಳಗಿದ್ದರೆ, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಮಷೀನು ಬರುತ್ತದೆ. 60 ದಾಟಿದ ಬಡ ಹಿರಿಯರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆಯೂ ಇದೆ. ಎರಡರಲ್ಲೂ ಕೊಡುವುದು ಹೆಚ್ಚಾಗಿ ಕಾನ್ಪುರದ ಅಲಿಮ್ಕೊ ಕಂಪನಿ ನಡೆಸುವ ಕ್ಯಾಂಪುಗಳಲ್ಲಿ. ಒಂದು ದಿನ ಅಳತೆ, ಇನ್ನೊಂದು ದಿನ ಹಂಚುವುದು. ಅಳತೆಯ ದಿನ ತಪ್ಪಿಸಿಕೊಂಡರೆ ಹಂಚುವ ದಿನ ಹೋಗಿ ಪ್ರಯೋಜನವಿಲ್ಲ.

ಪುಕ್ಕಟೆ ಬಂದದ್ದು ಕೆಲಸಕ್ಕೆ ಬಾರದ್ದು ಅನ್ನುವವರ ಮಾತು ಕೇಳಬೇಡಿ. ಹೆಚ್ಚಿನ ಸಲ ಕೆಡುವುದು ಅದರ ಜೊತೆ ಬರುವ ರೆಡಿಮೇಡ್ ತುದಿಯಿಂದ, ಅದು ಎಲ್ಲರ ಕಿವಿಗೂ ಹೊಂದುವುದಿಲ್ಲ. ಅಪ್ಪನವರ ಕಿವಿಯದೇ ಅಚ್ಚು ಮಾಡಿಸಿ ಹಾಕಿ. ಕೆಲವು ನೂರು ರೂಪಾಯಿ ಖರ್ಚಾಗುತ್ತದೆ, ಅಷ್ಟು ಮಾತ್ರ ಹೇಗಾದರೂ ಹೊಂದಿಸಿ.

ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅಮೆರಿಕದಲ್ಲಿ ಈಗ ಕಿವಿ ಮಷೀನು ಅಂಗಡಿಯಲ್ಲೇ ಸಿಗುತ್ತದೆ, ಬರುವಾಗ ತರುತ್ತೇನೆ ಅನ್ನುತ್ತಾನೆ. ತರಿಸಿಕೊಳ್ಳಬಹುದಾ? — ಮೈಸೂರು

ಅಲ್ಲಿ 2022ರ ಅಕ್ಟೋಬರ್‌ನಿಂದ ಡಾಕ್ಟರ ಚೀಟಿಯಿಲ್ಲದೆ ಕೊಳ್ಳಬಹುದು, ನಿಜ. ಆದರೆ ಅದು 18 ದಾಟಿದ, ಅಲ್ಪ ಅಥವಾ ಮಧ್ಯಮ ಮಟ್ಟದಲ್ಲಿ ಮಂದ ಇರುವವರಿಗೆ ಮಾತ್ರ. 2024ರಲ್ಲಿ ಆಪಲ್‌ನ ಏರ್‌ಪಾಡ್ಸ್ ಪ್ರೊ 2ಕ್ಕೂ ಅಂಥ ಅನುಮತಿ ಸಿಕ್ಕಿದೆ. ಅದೂ ಅದೇ ಮಟ್ಟದವರಿಗೆ, ಮತ್ತೆ ಜೊತೆಗೆ ಐಫೋನೋ ಐಪ್ಯಾಡೋ ಬೇಕು. ನಿಮಗೆ ಎಷ್ಟು ಮಂದ ಅಂತ ನೀವು ಬರೆದಿಲ್ಲ. ಮೈಸೂರಿನಲ್ಲೇ ಇದ್ದೀರಿ, ಮೊದಲು ಆಡಿಯೋಗ್ರಾಮ್ ಮಾಡಿಸಿ ಮಗನಿಗೆ ಫೋಟೋ ಕಳಿಸಿ. ಅಲ್ಲಿಂದ ತಂದ ಮಷೀನಿನ ವಾರಂಟಿ ಇಲ್ಲಿ ನಡೆಯದೆ ಇರುವುದೇ ಜಾಸ್ತಿ. ಹೊಂದಿಸಲು ಮಗ ರಾತ್ರಿ ವಿಡಿಯೋ ಕಾಲ್‌ನಲ್ಲಿ ‘ಅಮ್ಮಾ, ಆ ಬಟನ್ ಒತ್ತು’ ಅಂತ ಕೂಗುವುದು, ನಿಮಗೆ ಅದೇ ಕೇಳಿಸದೆ ಇರುವುದು ಆಗುತ್ತದೆ. ಇಲ್ಲೇ ತಗೊಳ್ಳಿ. ಏನಾದರೂ ತರಲೇಬೇಕು ಅಂತ ಮಗನಿಗೆ ಆಸೆ ಇದ್ದರೆ ಸೆಲ್ಲು ತರಲಿ, ಅಲ್ಲಿ ದೊಡ್ಡ ಪ್ಯಾಕಿನಲ್ಲಿ ಅಗ್ಗ. ಬಣ್ಣ ಮಾತ್ರ ಸರಿಯಾಗಿ ಹೇಳಿ: ಹಳದಿ 10, ಕಂದು 312, ಕಿತ್ತಳೆ 13, ನೀಲಿ 675.